ನಿಂತ ಇಂಜಿನ್ನೇ ಕೆಡೋದು: ಹುಳದ ಮನೆಯ ಪವರ್ ಸ್ಪ್ರೇಯರ್‌ಗೆ ನಾವೇ ಮಾಡ್ಕೋಬಹುದಾದ ಸರ್ವೀಸ್

ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಚನ್ನಪಟ್ಟಣ ತಾಲ್ಲೂಕು. ಭಾನುವಾರ ಬೆಳಗ್ಗೆ ಏಳು ಗಂಟೆಗೇ ಅಂಗಳದಲ್ಲಿ ಅಪ್ಪ ಪವರ್ ಸ್ಪ್ರೇಯರ್‌ನ ಹಗ್ಗ ಎಳೀತಾ ಇದ್ರು. ಹತ್ತು ಸಲ, ಇಪ್ಪತ್ತು ಸಲ ಎಳೆದ್ರೂ ಇಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಏನ್ಲಾ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಬಂದು ನೋಡ್ಲಾ ಇದನ್ನ" ಅಂದ್ರು.

ನಾನು ಹೋಗಿ ನೋಡಿದೆ. ನೋಡಿದ್ದಷ್ಟೇ. ಆಟೋ ಸೈಕಲ್‌ನ ಪಿ-ವಿ ಡಯಾಗ್ರಾಂ ಕಣ್ಣು ಮುಚ್ಚಿಕೊಂಡು ಬರೀತೀನಿ. ಆದ್ರೆ ಆ ಪುಟ್ಟ ಇಂಜಿನ್‌ನಲ್ಲಿ ಚೋಕ್ ಯಾವುದು, ಏರ್ ಫಿಲ್ಟರ್ ಎಲ್ಲಿ ಅಂತ ಗೊತ್ತಾಗಲಿಲ್ಲ. ನಾನೂ ಹತ್ತು ಸಲ ಹಗ್ಗ ಎಳೆದು, ಅಂಗೈ ಕೆಂಪು ಮಾಡಿಕೊಂಡು, "ಮೆಕ್ಯಾನಿಕ್ ಹತ್ರ ತಗೊಂಡ್ ಹೋಗ್ಬೇಕು ಅಪ್ಪ" ಅಂದೆ. "ಅಷ್ಟು ನಂಗೂ ಗೊತ್ತು" ಅಂದ್ರು ಅಪ್ಪ.

ಆಮೇಲೆ ಕಲಿತದ್ದನ್ನ ಇಲ್ಲಿ ಬರೀತಿದೀನಿ. ರಾಮನಗರ, ಕನಕಪುರ, ಮಾಗಡಿ ಕಡೆಯಿಂದ ಬರೋ ನಮ್ಮ ಕಾಲೇಜಿನ ತುಂಬ ಜನರ ಮನೇಲಿ ಇಂಥದ್ದೊಂದು ಮಿಷಿನ್ ಇದ್ದೇ ಇರುತ್ತೆ. ಕಳೆ ಕತ್ತರಿಸೋ ಬ್ರಷ್ ಕಟರ್ ಇರುವವರಿಗೂ ಇಲ್ಲಿ ಹೇಳೋ ಇಂಜಿನ್ ಭಾಗ ಪೂರ್ತಿ ಅನ್ವಯ ಆಗುತ್ತೆ.

ಒಂದು ದಿನ ತಡವಾದ್ರೆ ಏನಾಗುತ್ತೆ?

ರೇಷ್ಮೆ ಗೊತ್ತಿಲ್ಲದ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ನಾವು ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಮರಿ ಹುಳ ತರ್ತೀವಿ. (ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ, ಥರ್ಮಾಮೀಟರ್ ಬೇಡ.) ಒಂದು ನೂರು ಮೊಟ್ಟೆ ಅಂದ್ರೆ ನೂರು ಹುಳ ಅಲ್ಲ. ಒಂದೊಂದು ಚಿಟ್ಟೆ ಇಡೋ ಮೊಟ್ಟೆಯ ಗುಂಪನ್ನ "ಒಂದು ಮೊಟ್ಟೆ" ಅಂತ ಲೆಕ್ಕ ಹಾಕ್ತಾರೆ, ಅದರಲ್ಲಿ ನಾನೂರು ಐನೂರು ಇರುತ್ತೆ. ಅಲ್ಲಿಗೆ ನೂರು ಮೊಟ್ಟೆ ಅಂದ್ರೆ ನಲವತ್ತು ಐವತ್ತು ಸಾವಿರ ಹುಳ, ಎಲ್ಲಾ ಒಂದೇ ಮನೇಲಿ.

ಅಷ್ಟು ಹುಳ ಒಟ್ಟಿಗಿದ್ರೆ ರೋಗ ಹರಡೋದು ಸುಲಭ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಇವುಗಳ ಹೆಸರು ಕೇಳಿದ್ರೆ ಸಾಕು, ಅಮ್ಮ ಮುಖ ಸಪ್ಪಗೆ ಮಾಡ್ಕೋತಾರೆ. ಅದಕ್ಕೇ ಹುಳ ತರೋ ಕೆಲವು ದಿನ ಮುಂಚೆ ಇಡೀ ಹುಳದ ಮನೆಯನ್ನ ಗೋಡೆ, ನೆಲ, ಸ್ಟ್ಯಾಂಡು, ಚಂದ್ರಿಕೆ ಸಮೇತ ಸೋಂಕು ನಿವಾರಕದಿಂದ ತೋಯಿಸ್ತೀವಿ. ಸಾಮಾನ್ಯವಾಗಿ ಬಳಸೋದು ಶೇ. 2ರ ಬ್ಲೀಚಿಂಗ್ ಪೌಡರ್, ಜೊತೆಗೆ ಶೇ. 0.3 ಸುಣ್ಣ. ಅಂದ್ರೆ ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್, 3 ಗ್ರಾಂ ಸುಣ್ಣ. ಮೂಲೆಮೂಲೆಗೂ, ಬಿರುಕಿಗೂ ನೀರು ನುಗ್ಗಬೇಕು ಅಂದ್ರೆ ಪ್ರೆಶರ್ ಬೇಕು. ಅದಕ್ಕೇ ಪವರ್ ಸ್ಪ್ರೇಯರ್.

ನಮಗೆ ಗುರುವಾರ ಚಾಕಿ ಹುಳ ಬರೋದಿತ್ತು. ಮೊದಲೇ ಬುಕ್ ಮಾಡಿದ್ದು, ಮುಂದಕ್ಕೆ ಹಾಕೋಕೆ ಆಗಲ್ಲ, ಹುಳ ಕಾಯಲ್ಲ. ತೋಟದಲ್ಲಿ ಸೊಪ್ಪೂ ಅದೇ ಲೆಕ್ಕಕ್ಕೆ ಬೆಳೆದು ನಿಂತಿತ್ತು. ಭಾನುವಾರ ಮೆಕ್ಯಾನಿಕ್ ಅಂಗಡಿ ಬಾಗಿಲು ಹಾಕಿತ್ತು. ಕೊನೆಗೆ ಪಕ್ಕದ ಮನೆಯಿಂದ ಕೈಪಂಪಿನ ಸ್ಪ್ರೇಯರ್ ತಂದು, ಅಪ್ಪ ಮತ್ತು ನಾನು ಸರದಿ ಮೇಲೆ ಎರಡು ದಿನ ಕೈಯಲ್ಲೇ ಹೊಡೆದ್ವಿ. ರಾತ್ರಿ ಅಪ್ಪನಿಗೆ ಬಲಗೈ ಎತ್ತಿ ಊಟ ಮಾಡೋಕೆ ಆಗ್ತಿರಲಿಲ್ಲ.

ಕೆಟ್ಟಿದ್ದು ಏನು?

ಸೋಮವಾರ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿದ್ರು. ಒಳಗೆ ಹಸಿರು ಮಿಶ್ರಿತ ಕಂದು ಬಣ್ಣದ ಅಂಟು, ಹಲಸಿನ ಮೇಣದ ಹಾಗೆ. "ಎಷ್ಟು ದಿನ ಆಯ್ತು ಪೆಟ್ರೋಲ್ ಹಾಕಿ?" ಅಂತ ಕೇಳಿದ್ರು. ಹಿಂದಿನ ಬೆಳೆ ಮುಗಿದಾಗ ಹಾಕಿದ್ದು. ಎರಡು ತಿಂಗಳು. "ಇಂಜಿನ್ ಚೆನ್ನಾಗೇ ಇದೆ. ಸುಮ್ನೆ ನಿಲ್ಸಿ ಕೆಡ್ಸಿದೀರ" ಅಂದ್ರು.

ಪೆಟ್ರೋಲ್ ಅನ್ನೋದು ಒಂದೇ ವಸ್ತು ಅಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಂತಲ್ಲೇ ನಿಂತ್ರೆ ಅದರ ಹಗುರ ಭಾಗ ಮೊದಲು ಆವಿಯಾಗಿ ಹೋಗುತ್ತೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಆಗೋಕೆ ಬೇಕಾಗೋದೇ ಆ ಭಾಗ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತೆ. ಕಾರ್ಬ್ಯುರೇಟರ್ ಜೆಟ್‌ನ ತೂತು ಸೂಜಿ ಮೊನೆಯಷ್ಟು ಚಿಕ್ಕದು. ಅದು ಮುಚ್ಚಿಕೊಳ್ಳೋಕೆ ಒಂದು ತೊಟ್ಟು ಅಂಟು ಸಾಕು.

ಇದರ ಮೇಲೆ ಎಥನಾಲ್ ಬೇರೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಅಂದ್ರೆ ಶೇ. 20 ಎಥನಾಲ್. ಎಥನಾಲ್‌ಗೆ ನೀರು ಅಂದ್ರೆ ಇಷ್ಟ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತೆ. ನೀರು ಒಂದು ಮಿತಿ ದಾಟಿದ್ರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ. ಇಂಜಿನ್‌ಗೆ ಹೋಗೋ ಪೈಪ್ ಇರೋದೂ ತಳದಲ್ಲೇ. ಟೂ ಸ್ಟ್ರೋಕ್ ಇಂಜಿನ್‌ಗೆ ಇದು ಡಬಲ್ ಪೆಟ್ಟು. ಯಾಕಂದ್ರೆ ಪಿಸ್ಟನ್ನನ್ನ ಕಾಪಾಡೋ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿದುಬಿಡುತ್ತೆ.

ಬೈಕಿಗೆ ಯಾಕೆ ಈ ತೊಂದರೆ ಇಲ್ಲ? ದಿನಾ ಓಡಿಸ್ತೀವಿ, ವಾರಕ್ಕೊಮ್ಮೆ ಹೊಸ ಪೆಟ್ರೋಲ್ ಹಾಕಿಸ್ತೀವಿ. ಸ್ಪ್ರೇಯರ್ ಹಾಗಲ್ಲ. ಎರಡು ದಿನ ಕೆಲಸ, ಎರಡು ತಿಂಗಳು ನಿದ್ದೆ.

ಗಂಗೊಳ್ಳಿಯ ದೋಣಿ, ನಮ್ಮ ಸ್ಪ್ರೇಯರ್

ಹಾಸ್ಟೆಲ್‌ಗೆ ವಾಪಸ್ ಬಂದು ಈ ಕಥೆ ಹೇಳಿದಾಗ ನನ್ನ ರೂಮ್‌ಮೇಟ್ ನಕ್ಕ. ಅವನು ಕುಂದಾಪುರದ ಹತ್ರ ಗಂಗೊಳ್ಳಿಯವನು. ಅವರ ಮನೇಲಿ ನಾಡದೋಣಿ ಇದೆ, ಅದರ ಹಿಂಭಾಗಕ್ಕೆ ಕಟ್ಟೋ ಔಟ್‌ಬೋರ್ಡ್ ಇಂಜಿನ್ ಇದೆ. ಕರಾವಳಿಯಲ್ಲಿ ಇವು ಹೆಚ್ಚಾಗಿ ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತವಂತೆ. "ಉಪ್ಪು ನೀರು ತೊಳೀದೇ ಇಟ್ರೆ ಇಂಜಿನ್ನನ್ನೇ ತಿಂದುಹಾಕ್ತದೆ ಮಾರಾಯ" ಅಂದ.

ಔಟ್‌ಬೋರ್ಡ್ ಇಂಜಿನ್‌ಗೆ ರೇಡಿಯೇಟರ್ ಇಲ್ಲ. ಸಮುದ್ರದ ನೀರನ್ನೇ ಎಳೆದುಕೊಂಡು, ಸಿಲಿಂಡರ್ ಸುತ್ತ ಓಡಿಸಿ, ಹೊರಗೆ ಬಿಡುತ್ತೆ. ಎಳೆಯೋದು ಒಂದು ರಬ್ಬರ್ ಚಕ್ರ, ಅದಕ್ಕೆ ಇಂಪೆಲ್ಲರ್ ಅಂತಾರೆ. ಇಂಜಿನ್ ನಿಲ್ಲಿಸಿದ ಮೇಲೆ ಒಳಗೆ ಉಳಿದ ನೀರು ಒಣಗಿ ಉಪ್ಪು ಕಟ್ಟುತ್ತೆ. ಹಾಗೇ ಬಿಟ್ರೆ ದಾರಿ ಮುಚ್ಚಿ, ಇಂಜಿನ್ ಕಾದು ಕೆಡುತ್ತೆ. ಅದಕ್ಕೇ ದಡಕ್ಕೆ ಬಂದ ಮೇಲೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ ಕಾಲು ಇಳಿಸಿ ಸ್ವಲ್ಪ ಹೊತ್ತು ಓಡಿಸ್ತಾರೆ. ಇಂಜಿನ್ ಪಕ್ಕದಿಂದ ಚಿಮ್ಮೋ ಸಣ್ಣ ನೀರಿನ ಧಾರೆ ಮೇಲೆ ಯಾವಾಗಲೂ ಒಂದು ಕಣ್ಣು. ಧಾರೆ ನಿಂತ್ರೆ ಇಂಜಿನ್ ನಿಲ್ಲಿಸಬೇಕು. ನೀರಿಲ್ಲದೆ ಓಡಿಸೋ ಹಾಗೇ ಇಲ್ಲ, ಒಣಗಿದ ರಬ್ಬರ್ ತಿಕ್ಕಿ ಸುಟ್ಟುಹೋಗುತ್ತೆ.

ಕೇಳ್ತಾ ಕೇಳ್ತಾ ನನಗೆ ಹೊಳೀತು. ಅವರಿಗೆ ಉಪ್ಪು ನೀರು, ನಮಗೆ ಬ್ಲೀಚಿಂಗ್ ನೀರು, ಎರಡರಲ್ಲೂ ಲೋಹ ತಿನ್ನೋದು ಕ್ಲೋರಿನ್ ಸಂಬಂಧದ್ದೇ. ಅವರಿಗೆ ಇಂಪೆಲ್ಲರ್, ನಮಗೆ ಪಂಪಿನ ಸೀಲು. ನಿಂತ ಇಂಧನ ಇಬ್ಬರಿಗೂ ಶತ್ರು. ವ್ಯತ್ಯಾಸ ಒಂದೇ, ನಡು ಸಮುದ್ರದಲ್ಲಿ ಇಂಜಿನ್ ನಿಂತ್ರೆ ಪಕ್ಕದ ಮನೆಯಿಂದ ಕೈಪಂಪು ತರೋಕಾಗಲ್ಲ. ಅದಕ್ಕೇ ಅವರು ತಪ್ಪದೆ ಮಾಡ್ತಾರೆ, ನಾವು ನಾಳೆ ನೋಡೋಣ ಅಂತೀವಿ.

ಮೊದಲು: ನಿಮ್ಮದು ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಇದನ್ನ ತಿಳ್ಕೊಳ್ಳದೆ ಏನೂ ಮುಟ್ಟಬೇಡಿ. ಬೆನ್ನಿಗೆ ಹಾಕ್ಕೊಳ್ಳೋ ಸ್ಪ್ರೇಯರ್‌ಗಳಲ್ಲಿ ಎರಡೂ ಸಿಗುತ್ತೆ. ಇಂಜಿನ್‌ಗೆ ಆಯಿಲ್ ಹಾಕೋಕೆ ಬೇರೆ ಮುಚ್ಚಳ ಇದ್ರೆ ಫೋರ್ ಸ್ಟ್ರೋಕ್. ಇಲ್ಲದಿದ್ರೆ, ಪೆಟ್ರೋಲ್ ಟ್ಯಾಂಕ್ ಮೇಲೆ "25:1" ಅಥವಾ "50:1" ಅಂತ ಬರೆದಿದ್ರೆ, ಟೂ ಸ್ಟ್ರೋಕ್.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಬೇಕು. 25:1 ಅಂದ್ರೆ ಲೀಟರ್‌ಗೆ 40 ಮಿ.ಲೀ., 50:1 ಅಂದ್ರೆ 20 ಮಿ.ಲೀ. ನಿಮ್ಮ ಮಿಷಿನ್‌ನ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ. ಕಡಿಮೆ ಹಾಕಿದ್ರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ. "ಜಾಸ್ತಿ ಇದ್ರೆ ಒಳ್ಳೇದು" ಅಂತ ಸುರಿದ್ರೆ ಹೊಗೆ, ಪ್ಲಗ್‌ಗೆ ಮಸಿ, ಸೈಲೆನ್ಸರ್‌ಗೆ ಇದ್ದಿಲು. ಅಪ್ಪ ಇಷ್ಟು ವರ್ಷ ಬಾಟಲಿ ಮುಚ್ಚಳದ ಲೆಕ್ಕದಲ್ಲಿ ಹಾಕ್ತಿದ್ರು. ಯಾವ ಬಾಟಲಿ ಮುಚ್ಚಳ ಅಂದ್ರೆ, "ಇರೋದು" ಅಂದ್ರು! ಈಗ ಮೆಡಿಕಲ್ ಸ್ಟೋರಿನ 20 ಮಿ.ಲೀ. ಸಿರಿಂಜ್ ಇಟ್ಟಿದೀವಿ. ಬೆರೆಸೋದು ಬೇರೆ ಕ್ಯಾನಿನಲ್ಲಿ, ಸ್ಪ್ರೇಯರ್ ಟ್ಯಾಂಕಲ್ಲಿ ಅಲ್ಲ. ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ.

ಫೋರ್ ಸ್ಟ್ರೋಕ್‌ಗೆ ಪೆಟ್ರೋಲಲ್ಲಿ ಆಯಿಲ್ ಬೆರೆಸಬಾರದು. ಅದರ ಆಯಿಲ್ ಮಟ್ಟವನ್ನ ಪ್ರತಿ ಸಲ ನೋಡಿ, ಮ್ಯಾನ್ಯುಯಲ್ ಹೇಳಿದ ಗಂಟೆಗೆ ಬದಲಾಯಿಸಿ.

ಕೆಲಸಕ್ಕೆ ಮುಂಚೆ ಐದು ನಿಮಿಷ

1. ಪೆಟ್ರೋಲ್ ಪೈಪ್ ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ರೆ, ಗಟ್ಟಿಯಾಗಿದ್ರೆ ಬದಲಾಯಿಸಿ. ಹಳೇ ರಬ್ಬರ್‌ಗೆ ಎಥನಾಲ್ ಆಗಿಬರಲ್ಲ.

2. ಏರ್ ಫಿಲ್ಟರ್ ಮುಚ್ಚಳ ತೆಗೆದು ನೋಡಿ. ಸ್ಪಂಜ್ ಆದ್ರೆ ಸೋಪಿನ ನೀರಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಹಾಕಿ.

3. ಸ್ಪ್ರೇ ಟ್ಯಾಂಕ್ ಬಾಯಿಯ ಜರಡಿ ಇದೆಯಾ ನೋಡಿ. ಸುಣ್ಣದ ಗಟ್ಟಿ ಒಳಗೆ ಹೋದ್ರೆ ನಾಜಲ್ ಕಟ್ಟುತ್ತೆ, ಪಂಪ್ ಸವೆಯುತ್ತೆ. ಬ್ಲೀಚಿಂಗ್, ಸುಣ್ಣ ಎರಡನ್ನೂ ಬಕೆಟ್ಟಲ್ಲಿ ಕದಡಿ, ತಿಳಿ ಆದ ಮೇಲೆ ಬಟ್ಟೆಯಲ್ಲಿ ಸೋಸಿ ಹಾಕಿ.

4. ಪಂಪ್‌ಗೆ ಗ್ರೀಸ್ ಕಪ್ ಇದ್ರೆ ಒಂದೆರಡು ಸುತ್ತು ತಿರುಗಿಸಿ.

5. ಟ್ಯಾಂಕ್‌ಗೆ ನೀರು ಹಾಕದೆ ಇಂಜಿನ್ ರೇಸ್ ಮಾಡಬೇಡಿ. ರೇಸ್ ಕೊಟ್ಟಾಗ ಕ್ಲಚ್ ಹಿಡಿದು ಪಂಪ್ ಓಡೋಕೆ ಶುರುವಾಗುತ್ತೆ. ಒಣ ಪಂಪಿನ ಸೀಲು ನಿಮಿಷಗಳಲ್ಲಿ ಹಾಳು, ದೋಣಿಯ ಇಂಪೆಲ್ಲರ್ ಥರಾನೇ.

ಎರಡು ಎಚ್ಚರಿಕೆ, ಇವು ತಮಾಷೆ ಅಲ್ಲ. ಒಂದು, ಬ್ಲೀಚಿಂಗ್ ಪೌಡರ್ ಚೀಲದ ಹತ್ರ ಪೆಟ್ರೋಲ್, ಆಯಿಲ್ ಇಡಬೇಡಿ. ಅದು ಪ್ರಬಲ ಆಕ್ಸಿಡೈಸರ್, ಎಣ್ಣೆ ತಗುಲಿದ್ರೆ ತಾನಾಗೇ ಬೆಂಕಿ ಹತ್ತೋ ಸಾಧ್ಯತೆ ಇದೆ. ನಮ್ಮನೇಲಿ ಎರಡೂ ಒಂದೇ ಮೂಲೇಲಿತ್ತು! ಇನ್ನೊಂದು, ಹುಳದ ಮನೆ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಇಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಉದ್ದ ಪೈಪ್ ಇದ್ರೆ ಮಿಷಿನ್ ಹೊರಗಿಡಿ, ಇಲ್ಲದಿದ್ರೆ ಎಲ್ಲ ತೆರೆದಿಟ್ಟು ಹೊಡೆದು, ಹೊರಗೆ ಬಂದ ಮೇಲೆ ಬಾಗಿಲು ಹಾಕಿ. ಮಾಸ್ಕ್, ಕನ್ನಡಕ, ಗ್ಲೌಸ್ ಕಡ್ಡಾಯ.

ಕೆಲಸ ಮುಗಿದ ಮೇಲೆ ಹತ್ತು ನಿಮಿಷ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಉಳಿದ ದ್ರಾವಣ ಚೆಲ್ಲಿ, ಟ್ಯಾಂಕ್ ತೊಳೆದು, ಅರ್ಧ ಟ್ಯಾಂಕ್ ಒಳ್ಳೇ ನೀರು ಹಾಕಿ, ಎರಡು ಮೂರು ನಿಮಿಷ ಸ್ಪ್ರೇ ಮಾಡಿ. ನಾಜಲ್ ಬಿಚ್ಚಿ ಬೇರೆ ತೊಳೆಯಿರಿ. ಆಮೇಲೆ ಮತ್ತೊಂದು ಸಲ ಇದನ್ನೇ ಮಾಡಿ. ಕೊನೆಗೆ ಪೈಪಿನ ಪ್ರೆಶರ್ ಬಿಟ್ಟು, ನೀರು ಬಸಿದು, ನೆರಳಲ್ಲಿ ಒಣಗಿಸಿ.

ಇದು ಬರೀ ಪಂಪ್ ಉಳಿಸೋಕೆ ಅಲ್ಲ. ನಾನು ಪಿಯುಸಿ ಓದ್ತಿದ್ದಾಗ ಕನಕಪುರದ ಮಾವ ಮಾವಿನ ಹೂವಿಗೆ ಔಷಧಿ ಹೊಡೆಯೋಕೆ ಅಂತ ನಮ್ಮ ಸ್ಪ್ರೇಯರ್ ತಗೊಂಡು ಹೋಗಿದ್ರು. ಮಾವಿಗೆ ಹೊಡೆಯೋದು ಕೀಟನಾಶಕ. ರೇಷ್ಮೆ ಹುಳವೂ ಒಂದು ಕೀಟವೇ, ಔಷಧಿಗೆ ಆ ಕೀಟ ಈ ಕೀಟ ಅಂತ ಗೊತ್ತಾಗಲ್ಲ. ಮಾವ ಒಂದು ಸಲ ನೀರು ಹಾಕಿ ಕುಲುಕಿಸಿ ವಾಪಸ್ ಕೊಟ್ರು, ನಾವೂ ಹಾಗೇ ಹುಳದ ಮನೆಗೆ ಬಳಸಿದ್ವಿ. ಆ ಬೆಳೇಲಿ ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಲೆ ಆಡಿಸಿ, ಹಸಿರು ವಾಂತಿ ಮಾಡಿ ಸಾಯೋಕೆ ಶುರುವಾಯ್ತು. ಅದು ಸ್ಪ್ರೇಯರ್‌ನಿಂದಲೇ ಅಂತ ಯಾರೂ ಲ್ಯಾಬಲ್ಲಿ ಪರೀಕ್ಷೆ ಮಾಡಿಸಲಿಲ್ಲ. ಪಕ್ಕದ ತೋಟದಿಂದ ಸೊಪ್ಪಿನ ಮೇಲೆ ಗಾಳಿಗೆ ಬಂದಿದ್ರೂ ಬಂದಿರಬಹುದು. ಆದ್ರೆ ಅರ್ಧ ಬೆಳೆ ಹೋಯ್ತು. ಕೊನೆಯ ಹಂತದಲ್ಲೇ ಹುಳ ಒಟ್ಟು ಸೊಪ್ಪಿನ ಶೇ. 80ಕ್ಕಿಂತ ಹೆಚ್ಚು ತಿನ್ನೋದು. ಅಂದ್ರೆ ಸೊಪ್ಪು, ಕೂಲಿ, ನಿದ್ದೆ ಎಲ್ಲಾ ಹಾಕಿಯಾದ ಮೇಲೆ ಹೋದದ್ದು. ಆ ಸಲ ರಾಮನಗರದ ಗೂಡಿನ ಮಾರ್ಕೆಟ್‌ಗೆ ತಗೊಂಡು ಹೋದ ಚೀಲ ನಾನೊಬ್ಬನೇ ಎತ್ತೋ ಹಾಗಿತ್ತು.

ಈಗ ನಮ್ಮನೆ ನಿಯಮ: ಹುಳದ ಮನೆ ಸ್ಪ್ರೇಯರ್ ಹುಳದ ಮನೆಗೆ ಮಾತ್ರ. ಯಾರಿಗೂ ಕೊಡಲ್ಲ. ಮಾವನಿಗೂ ಇಲ್ಲ, ಅವರು ಬೇಜಾರೂ ಮಾಡ್ಕೊಂಡಿಲ್ಲ.

ಆಗಾಗ ನೋಡಬೇಕಾದ್ದು

ಸ್ಪಾರ್ಕ್ ಪ್ಲಗ್: ಇಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ಇದು ಇಂಜಿನ್‌ನ ಬ್ಲಡ್ ರಿಪೋರ್ಟ್ ಇದ್ದ ಹಾಗೆ. ತುದಿ ತಿಳಿ ಕಂದು ಇದ್ರೆ ಎಲ್ಲಾ ಸರಿ. ಒಣ ಕಪ್ಪು ಮಸಿ ಇದ್ರೆ ಗಾಳಿ ಸಾಲ್ತಿಲ್ಲ, ಮೊದಲು ಫಿಲ್ಟರ್ ನೋಡಿ. ಎಣ್ಣೆ ಎಣ್ಣೆ ಇದ್ರೆ ಆಯಿಲ್ ಜಾಸ್ತಿ ಆಗಿರಬಹುದು. ಬೆಳ್ಳಗೆ ಸುಟ್ಟ ಹಾಗಿದ್ರೆ ಇಂಜಿನ್ ಅತಿಯಾಗಿ ಕಾಯ್ತಿದೆ, ಓಡಿಸಬೇಡಿ, ತೋರಿಸಿ. ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ಕೊನೆವರೆಗೂ ತಿರುಗಿಸಿ, ಆಮೇಲಷ್ಟೇ ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಗಿ ಮಾಡಿ. ಅಲ್ಯೂಮಿನಿಯಂ ಥ್ರೆಡ್ ಹೋದ್ರೆ ಖರ್ಚು ದೊಡ್ಡದು.

ಕೂಲಿಂಗ್ ಫಿನ್: ಸಿಲಿಂಡರ್ ಮೇಲಿನ ಪದರ ಪದರ ರೆಕ್ಕೆಗಳ ಮಧ್ಯೆ ಧೂಳು, ಒಣಗಿದ ಸೊಪ್ಪು ಸೇರಿದ್ರೆ ಹಳೇ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ. ಹೀಟ್ ಟ್ರಾನ್ಸ್‌ಫರ್ ಸಬ್ಜೆಕ್ಟ್ ಬರೋ ಮುಂಚೆಯೇ ಅದರ ಪ್ರಾಕ್ಟಿಕಲ್ ಮುಗಿದ ಹಾಗೆ.

ಪೆಟ್ರೋಲ್ ಫಿಲ್ಟರ್: ಟ್ಯಾಂಕ್ ಒಳಗೆ ಪೈಪಿನ ತುದಿಗೆ ಇರೋ ಸಣ್ಣ ಗುಂಡು. ತಂತಿ ಕೊಕ್ಕೆಯಿಂದ ಹೊರಗೆಳೆದು ನೋಡಿ, ಕಪ್ಪಾಗಿದ್ರೆ ಹೊಸದು ಹಾಕಿ.

ಎತ್ತಿಡುವಾಗ

ಮುಂದಿನ ಬೆಳೆವರೆಗೂ ಬೇಡ ಅಂತಾದ್ರೆ ಟ್ಯಾಂಕ್ ಪೆಟ್ರೋಲ್ ಪೂರ್ತಿ ಕ್ಯಾನ್‌ಗೆ ಬಗ್ಗಿಸಿ. ಆಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡದೆ, ತಾನಾಗೇ ನಿಲ್ಲೋವರೆಗೂ ಬಿಡಿ. ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದೂ ಖಾಲಿ ಆಗುತ್ತೆ. ಪ್ಲಗ್ ಬಿಚ್ಚಿ ಆ ತೂತಿಗೆ ನಾಲ್ಕೈದು ತೊಟ್ಟು ಆಯಿಲ್ ಬಿಟ್ಟು, ಹಗ್ಗವನ್ನ ನಿಧಾನವಾಗಿ ಎರಡು ಸಲ ಎಳೆದು, ಪ್ಲಗ್ ವಾಪಸ್ ಹಾಕಿ. ಒಳಗೆ ತುಕ್ಕು ಹಿಡಿಯಲ್ಲ. ಇಷ್ಟು ಮಾಡಿದ್ರೆ ನಮ್ಮ ಆ ಭಾನುವಾರ ಬರ್ತಾನೇ ಇರಲಿಲ್ಲ.

ಆದರೂ ಸ್ಟಾರ್ಟ್ ಆಗದಿದ್ರೆ

ಹಗ್ಗ ಎಳೀತಾನೇ ಇರಬೇಡಿ. ಈ ಸಾಲಲ್ಲಿ ನೋಡಿ. ಸ್ವಿಚ್ ಆನ್ ಇದೆಯಾ? (ನಗಬೇಡಿ, ನನಗೆ ಆಗಿದೆ.) ಪೆಟ್ರೋಲ್ ಹೊಸದಾ? ಪ್ಲಗ್ ಬಿಚ್ಚಿದಾಗ ಒದ್ದೆ ಇದೆಯಾ ಒಣಗಿದೆಯಾ? ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ: ಪೈಪ್, ಫಿಲ್ಟರ್, ಆಮೇಲೆ ಕಾರ್ಬ್ಯುರೇಟರ್. ತೀರಾ ಒದ್ದೆ ಇದ್ರೆ ಪೆಟ್ರೋಲ್ ಜಾಸ್ತಿ ಆಗಿದೆ: ಪ್ಲಗ್ ಒರೆಸಿ, ಚೋಕ್ ತೆಗೆದು, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಇಂಧನ ಸರಿಯಿದ್ದೂ ಕದಲದಿದ್ರೆ ಹೊಸ ಪ್ಲಗ್ ಹಾಕಿ ನೋಡಿ. ಅದಕ್ಕೇ ಮನೇಲಿ ಒಂದು ಪ್ಲಗ್ ಸ್ಪೇರ್ ಇರಲಿ.

ಜೆಟ್‌ಗೆ ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದ್ರೆ ಮಿಶ್ರಣದ ಲೆಕ್ಕವೇ ತಪ್ಪುತ್ತೆ. ಕಾರ್ಬ್ಯುರೇಟರ್ ಒಳಗೆ, ಪಿಸ್ಟನ್, ಕ್ಲಚ್ ಇವಕ್ಕೆ ಮೆಕ್ಯಾನಿಕ್ಕೇ ಸರಿ. ನಾನಂತೂ ಅಲ್ಲಿಗೆ ಕೈ ಹಾಕಲ್ಲ. ಆದ್ರೆ ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ. ನಾನು ಆ ಸೋಮವಾರ 650 ರೂಪಾಯಿ ಕೊಟ್ಟು ಕಲಿತಿದ್ದು ಒಂದು ಸೆಮಿಸ್ಟರ್ ಲ್ಯಾಬಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ.

ಈಗ ಹುಳದ ಮನೆ ಬಾಗಿಲ ಹಿಂದೆ ಹಳೇ ಕ್ಯಾಲೆಂಡರ್ ಒಂದು ನೇತಾಕಿದೀವಿ. ಯಾವ ದಿನ ತೊಳೆದದ್ದು, ಯಾವ ದಿನ ಪೆಟ್ರೋಲ್ ಖಾಲಿ ಮಾಡಿದ್ದು, ಪ್ಲಗ್ ಯಾವಾಗ ಹಾಕಿದ್ದು ಅಂತ ಅಪ್ಪ ಪೆನ್ಸಿಲ್‌ನಲ್ಲಿ ಬರೀತಾರೆ. ಹೋದ ವಾರ ಫೋನ್ ಮಾಡಿದ್ರು. "ಎರಡನೇ ಎಳೆತಕ್ಕೇ ಸ್ಟಾರ್ಟ್ ಆಯ್ತು ಕಣ್ಲಾ" ಅಂದ್ರು. ಮೊದಲನೇ ಎಳೆತಕ್ಕೆ ಯಾಕೆ ಆಗಲಿಲ್ಲ ಅಂತ ಕೇಳಿದೆ. ಸ್ವಿಚ್ ಆನ್ ಮಾಡಿರಲಿಲ್ಲವಂತೆ.